ಕಚೇರಿ ಉಪಯೋಗಕ್ಕೆ ಮಾತ್ರ

ಚುಕ್ಕಿಗೆರೆಯವರಿಗೆ ಆ ಅಡ್ಡಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಊರಿನ ಹಳೆಯ ಮುದ್ರಣಾಲಯದಲ್ಲಿ ಫಾರಂ ಜೋಡಿಸುವ ಕೆಲಸ ಅವರದು. ನಲ್ಲಿ ಬೇಕೆಂದರೆ ಒಂದು ಫಾರಂ, ನಲ್ಲಿ ಬೇಡವೆಂದರೆ ಒಂದು, ಹುಟ್ಟಿದ್ದಕ್ಕೆ ಒಂದು, ಸತ್ತದ್ದಕ್ಕೆ ಒಂದು, ನಡುವೆ ಇನ್ನೂ ಬದುಕಿದ್ದೇನೆ ಎಂದು ತೋರಿಸುವುದಕ್ಕೆ ಮತ್ತೊಂದು. ಅದರಲ್ಲೆಲ್ಲ ಹೆಸರು, ವಿಳಾಸ ಬರೆಯುವ ಚುಕ್ಕಿಚುಕ್ಕಿ ಗೆರೆ ಎಳೆದ ಕೈ ಅವರದೇ. ಈ ಊರಿನಲ್ಲಿ ತಮ್ಮ ಗೆರೆಯ ಮೇಲೆ ಹೆಸರು ಬರೆಯದ ಮನುಷ್ಯನೇ ಇಲ್ಲ ಎಂದು ಅವರಿಗೆ ಒಳಗೊಳಗೇ ಹೆಮ್ಮೆ. ಒಳಗೊಳಗೇ ಎಂದದ್ದು ಮರ್ಯಾದೆಗೆ. ಬಸ್ಸಿನಲ್ಲಿ ಅವರ ಪಕ್ಕ ಕೂತವರಿಗೆಲ್ಲ ಅದು ಗೊತ್ತಿತ್ತು.

ಹಾಗೆ ಹೆಸರು ಬರೆಯದವರು ಒಬ್ಬರು ಇದ್ದರು. ಅದೂ ಅವರ ಮನೆಯಲ್ಲೇ. ಅವರ ಅಕ್ಕ.

ಅಕ್ಕನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ದೊಡ್ಡ ಆಸ್ಪತ್ರೆಯ ಟೆಲಿಫೋನ್ ವಿಭಾಗದಲ್ಲಿ ಕೆಲಸ. ‘ಹಲೋ’ ಎಂದರೆ ಸಾಕು, ಮಾತಾಡುತ್ತಿರುವುದು ಯಾವ ಡಾಕ್ಟರು, ಅವರು ಎದ್ದದ್ದು ಹಾಸಿಗೆಯ ಯಾವ ಮಗ್ಗುಲಿಂದ ಎಂಬುದನ್ನೂ ಹೇಳಬಲ್ಲರು. ಆದರೆ ಫಾರಂ ತುಂಬುವ ಪ್ರಸಂಗ ಬಂದಾಗಲೆಲ್ಲ ಪೆನ್ನು ತಮ್ಮನ ಕೈಗೆ ಹೋಗುತ್ತಿತ್ತು. ತಮ್ಮನೋ, ಕೇಳಿಕೊಂಡು ಬರೆಯುವ ಜಾತಿಯಲ್ಲ. ‘ಹವ್ಯಾಸ’ ಎಂಬ ಕಡೆ ‘ಹೊಲಿಗೆ’ ಎಂದು ಬರೆದು, ಆಸ್ಪತ್ರೆಯವರು ಅಕ್ಕನಿಗೆ ಬಹುಮಾನವಾಗಿ ಸೂಜಿಗಳ ಪೆಟ್ಟಿಗೆ ಕೊಡುವಂತೆ ಮಾಡಿದ ಪುಣ್ಯಾತ್ಮ. ಗೆರೆ ಖಾಲಿ ಬಿಡುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಪುರಸಭೆಯ ತೋಟಗಾರಿಕೆ ಕಚೇರಿಯ ಅಧಿಕಾರಿ ಒಂದು ದಿನ ಮುದ್ರಣಾಲಯಕ್ಕೆ ಬಂದರು. ಹಳೆಯ ಗೂಡ್ಸ್ ಯಾರ್ಡಿನ ಖಾಲಿ ನೆಲವನ್ನು ಸಣ್ಣಸಣ್ಣ ತುಂಡು ಮಾಡಿ, ತರಕಾರಿ ಬೆಳೆಯಲು ಜನರಿಗೆ ಕೊಡುತ್ತಾರಂತೆ. ಯಜಮಾನರು ಕೂಡಲೇ ಕಾಗದದ ಮಾದರಿಗಳನ್ನು ಹರಡಿದರು. ಅಧಿಕಾರಿ ಅವನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು.

“ಕಾಗದ ಬೇಡ. ಈ ಸಲ ವೆಬ್ ಫಾರಂ. ಜನ ಮನೇಲೇ ಕೂತು ತುಂಬ್ತಾರೆ. ಕಣ್ಣು ಕಾಣದವರು, ಕೈ ನಡುಗೋರು, ಸಣ್ಣ ಫೋನ್ ಇರೋರು, ದೊಡ್ಡ ಕಂಪ್ಯೂಟರ್ ಇರೋರು, ಎಲ್ರಿಗೂ ಆಗೋ ಹಾಗಿರಬೇಕು ಅಂತ ಮೇಲಿನ ಆದೇಶ. ನಿಮಗೆ ಹೇಳಿ ಹೋಗೋಣ ಅಂತ ಬಂದೆ, ಅಷ್ಟೇ. ಪಾಪ, ಹಳೇ ಸಂಬಂಧ.”

ಆ ‘ಪಾಪ’ ಎಂಬ ಮಾತು ಚುಕ್ಕಿಗೆರೆಯವರಿಗೆ ನೆಟ್ಟಗೆ ಎದೆಗೆ ತಾಗಿತು. ಮೂಲೆಯಿಂದ ಎದ್ದು ಬಂದು, ಕನ್ನಡಕ ಹಣೆಗೇರಿಸಿ, “ವೆಬ್ ಫಾರಂ ತಾನೆ ಸಾರ್? ಮಾಡಿದ್ರಾಯ್ತು. ನಾವೇ ಮಾಡ್ತೀವಿ,” ಎಂದುಬಿಟ್ಟರು. ಯಜಮಾನರು ಕೆಮ್ಮಿದರು. ವೆಬ್ ಎಂದರೆ ಚುಕ್ಕಿಗೆರೆಯವರಿಗೆ ಅದುವರೆಗೆ ಗೊತ್ತಿದ್ದದ್ದು, ಬಸ್ಸಿನ ವೇಳೆ ನೋಡುವ ಜಾಗ ಎಂದು ಮಾತ್ರ.

ಮಾತು ಆಡಿದ್ದಾಗಿತ್ತು. ಮನೆಗೆ ಬಂದು ಅಕ್ಕನ ಮುಂದೆ ಇನ್ನೊಂದು ಮಾತನ್ನೂ ಆಡಿದರು. “ಅಕ್ಕ, ತರಕಾರಿ ಬೆಳೆಯೋಕೆ ನೆಲ ಕೊಡ್ತಾರಂತೆ. ಈ ಸಲ ನಿನ್ನ ಅರ್ಜಿ ನೀನೇ ತುಂಬ್ತೀಯ. ನಾನು ಪಕ್ಕದಲ್ಲೂ ನಿಲ್ಲಲ್ಲ. ಮಾತು ಕೊಟ್ಟೆ.”

“ನಂಗೊಂದು ತುಂಡು ನೆಲ ಬೇಕು ಕಣೋ,” ಎಂದರು ಅಕ್ಕ. “ನಿಜವಾಗಲೂ ಬೇಕು. ಆದ್ರೆ ನನ್ನ ಕೈಯಿಂದ ಕೇಳಿದ್ರೇನೇ ಬೇಕು. ನೀನು ಬರೆದು, ಅವರು ಕೊಟ್ಟು, ನಾನು ಇಸ್ಕೊಂಡ್ರೆ ಅದು ನಿಂದೇ ತೋಟ.”

ಅಲ್ಲಿಗೆ ವಿಷಯ ಮುದ್ರಣಾಲಯದ ಮರ್ಯಾದೆಯನ್ನು ದಾಟಿ ಮನೆಯ ಮರ್ಯಾದೆಗೆ ಬಂದು ನಿಂತಿತು.

ಚುಕ್ಕಿಗೆರೆಯವರು ಕಂಪ್ಯೂಟರಿನಲ್ಲಿ ಪಾಠ ಹೇಳುವ ಒಂದು ತರಗತಿಗೆ ಸೇರಿದರು. ಕಲಿತರು ಎಂದರೆ ಸುಮ್ಮನೆ ಕಲಿತದ್ದಲ್ಲ. ಮೈಮೇಲೆ ಬಂದವರ ಹಾಗೆ ಕಲಿತರು. ಕಣ್ಣು ಕಾಣದವರಿಗೆ ಕಂಪ್ಯೂಟರು ತೆರೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಪ್ರತಿ ಚೌಕಕ್ಕೂ ಅದರ ಹೆಸರನ್ನು ಸರಿಯಾಗಿ ಗಂಟು ಹಾಕಿದ್ದರೆ ಮಾತ್ರ. ಇಲ್ಲದಿದ್ದರೆ ‘ಇಲ್ಲಿ ಏನೋ ಬರೆಯಿರಿ’ ಎಂದು ಹೇಳಿ ಸುಮ್ಮನಾಗುತ್ತದೆ. ತಪ್ಪಾದರೆ ಬರೀ ಕೆಂಪು ಬಣ್ಣ ತೋರಿಸಿದರೆ ಸಾಲದು, ಏನು ತಪ್ಪು ಎಂದು ಮಾತಿನಲ್ಲಿ ಹೇಳಿ, ಕೈಹಿಡಿದು ಅದೇ ಚೌಕಕ್ಕೆ ಕರೆತರಬೇಕು. ಮೌಸ್ ಇಲ್ಲದೆ ಕೀಲಿಗಳಿಂದಲೇ ಕೆಲಸ ಮುಗಿಯಬೇಕು. ಫೋನಿನ ಕಿರಿದಾದ ತೆರೆಯಲ್ಲಿ ಚೌಕಗಳು ಒಂದರ ಕೆಳಗೊಂದು ಬರಬೇಕು, ಅಗಲ ತೆರೆಯಲ್ಲಿ ಪಕ್ಕಪಕ್ಕ ಕೂರಬೇಕು. ಇದನ್ನು ಕಂಡು ಅವರು ಮೂಕರಾದರು. ಜೀವಮಾನವಿಡೀ ಒಂದೇ ಅಳತೆಯ ಕಾಗದಕ್ಕೆ ಕಟ್ಟುಬಿದ್ದು ದುಡಿದವರಿಗೆ, ತಾನೇ ಸರಿದು ಜಾಗ ಮಾಡಿಕೊಳ್ಳುವ ಫಾರಂ ಕಂಡರೆ ಹೇಗಾಗಬೇಡ! ಆ ರಾತ್ರಿ ಊಟಕ್ಕೆ ಕೂತಾಗ ತಟ್ಟೆ, ಲೋಟಗಳನ್ನು ಒಂದರ ಕೆಳಗೊಂದು ಜೋಡಿಸಿ ಹೆಂಡತಿಗೆ ವಿವರಿಸಿದರು. ಸಾರು ಮಗುಚಿಕೊಂಡಿತು.

ಕೀಲಿಯಿಂದಲೇ ಕೆಲಸ ಆಗಬೇಕೆಂದು ಮೌಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಕ್ಕನ ಹಾಗೆ ಕೇಳಿಯೇ ತಿಳಿಯಬೇಕೆಂದು ಕಣ್ಣು ಮುಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂರತೊಡಗಿದರು. ನಿದ್ದೆ ಹೋದರೆಂದು ಹೆಂಡತಿ ಹೊದಿಕೆ ತಂದು ಹೊದಿಸಿದರೆ, ಹೊದಿಕೆಯೊಳಗಿಂದಲೇ “ವಿಳಾಸದ ಚೌಕ ಚೆನ್ನಾಗಿ ಮಾತಾಡ್ತಿದೆ!” ಎಂದು ಕೂಗುತ್ತಿದ್ದರು.

ಫಾರಂ ತಯಾರಾಯಿತು. ಹೆಸರು, ವಯಸ್ಸು, ವಿಳಾಸ, ಫೋನು, ಏನು ಬೆಳೆಯುತ್ತೀರಿ, ಏಕೆ ನೆಲ ಬೇಕು. ಎಲ್ಲ ಮುಗಿದ ಮೇಲೂ ಚುಕ್ಕಿಗೆರೆಯವರಿಗೆ ಏನೋ ಕೊರತೆ ಕಂಡಿತು. ಊಟ ಮುಗಿದು ಕೈ ತೊಳೆಯದೆ ಎದ್ದ ಹಾಗೆ. ಆಮೇಲೆ ಹೊಳೆಯಿತು. ಅವರ ಕೈಯಿಂದ ಹೊರಟ ಯಾವ ಫಾರಮ್ಮೂ ಕೆಳಗಿನ ಬಲಮೂಲೆಯಲ್ಲಿ ಆ ದಪ್ಪ ಚೌಕಟ್ಟಿನ ಚೌಕವಿಲ್ಲದೆ ಹೊರಟದ್ದಿಲ್ಲ: ‘ಕಚೇರಿ ಉಪಯೋಗಕ್ಕೆ ಮಾತ್ರ.’ ಅದನ್ನೂ ಇಟ್ಟರು. ಈಗ ಫಾರಮ್ಮಿಗೆ ಕಳೆ ಬಂತು.

ಅಧಿಕಾರಿ ನೋಡಿ ತಲೆದೂಗಿದರು. “ಒಂದು ಮಾತು. ಎಲ್ಲಾ ಚೌಕಾನೂ ಕಡ್ಡಾಯ ಮಾಡಿ. ಒಂದೂ ಖಾಲಿ ಬಿಡೋ ಹಾಗಿರಬಾರದು. ಜನರ ಬಗ್ಗೆ ನಿಮಗೆ ಗೊತ್ತಿಲ್ಲ.”

“ಎಲ್ಲಾನೂ?”

“ಎಲ್ಲಾನೂ ಅಂದ್ರೆ ಎಲ್ಲಾನೂ.”

ಚುಕ್ಕಿಗೆರೆಯವರು ಎಲ್ಲವನ್ನೂ ಕಡ್ಡಾಯ ಮಾಡಿದರು. ಹೇಳಿದ್ದಕ್ಕಿಂತ ಒಂದು ಕೂದಲು ಹೆಚ್ಚೂ ಮಾಡದ, ಕಡಿಮೆಯೂ ಮಾಡದ ಕೈ ಅದು. ಯಾವ ಚೌಕ ಖಾಲಿ ಇದ್ದರೂ ಫಾರಂ ಮುಂದೆ ಹೋಗದು. ‘ಈ ಜಾಗ ಖಾಲಿ ಇದೆ, ದಯವಿಟ್ಟು ತುಂಬಿ’ ಎಂದು ವಿನಯದಿಂದ ತಡೆಯುತ್ತದೆ.

ಓದುಗರು ಈಗಾಗಲೇ ಹಣೆ ಚಚ್ಚಿಕೊಂಡಿರಬಹುದು. ಚುಕ್ಕಿಗೆರೆಯವರು ಚಚ್ಚಿಕೊಳ್ಳಲಿಲ್ಲ. ಏಕೆಂದರೆ ಅವರು ಪರೀಕ್ಷೆ ಮಾಡಿದ್ದು ಮುದ್ರಣಾಲಯದ ಪದ್ಧತಿಯಂತೆ. ಅಲ್ಲಿ ಹೊಸ ಫಾರಂ ಬಂದರೆ ಮೇಲಿಂದ ಕೆಳಗಿನವರೆಗೆ ಪ್ರತಿ ಚೌಕದಲ್ಲೂ ‘ಮಾದರಿ’ ಎಂದು ಬರೆದು ನೋಡುತ್ತಾರೆ. ಇಲ್ಲೂ ಹಾಗೇ ಬರೆದರು: ಮಾದರಿ, ಮಾದರಿ, ಮಾದರಿ, ಫೋನು ಮತ್ತು ವಯಸ್ಸಿನ ಚೌಕಗಳಿಗೆ ಬಾಯಿಗೆ ಬಂದ ಅಂಕಿ, ಕೊನೆಯ ಚೌಕಕ್ಕೂ ಮಾದರಿ. ಫಾರಂ ಸರಾಗವಾಗಿ ಹೋಯಿತು. ಅವರ ಕಣ್ಣಲ್ಲಿ ನೀರು ಬಂತು.

ಬೇರೆಯವರ ಮೇಲೂ ಪ್ರಯೋಗ ಆಗಬೇಕಲ್ಲ? ಅಕ್ಕನನ್ನು ಕೇಳಿದರು. “ತಾಲೀಮು ಬೇಡ. ನಿಜವಾದ್ದು ಬಂದಾಗ ನಿಜವಾಗಿ ತುಂಬ್ತೀನಿ,” ಎಂದು ಅಕ್ಕ ಖಂಡಿತವಾಗಿ ಹೇಳಿದರು. ಎದುರುಮನೆಯ ಹಲ್ಲಿನ ಡಾಕ್ಟರ ಬಳಿಗೆ ಹೋದರು. ಡಾಕ್ಟರು ಕೆಲಸದಲ್ಲಿದ್ದರು, ಚುಕ್ಕಿಗೆರೆಯವರು ಕುರ್ಚಿಯಲ್ಲಿ ಮಲಗಿದ್ದ ರೋಗಿಯ ಕೈಗೇ ಫೋನು ಕೊಟ್ಟರು. ಬಾಯಿ ತೆರೆದು ಮಲಗಿದವರು ದೂರು ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಕೊನೆಯ ಚೌಕಕ್ಕೆ ಬಂದಾಗ ಆತ ಗಾಬರಿಯಿಂದ “ಆಆ, ಆಆ” ಎಂದ. ಚುಕ್ಕಿಗೆರೆಯವರು ಅದನ್ನು ಮೆಚ್ಚುಗೆಯೆಂದು ಸ್ವೀಕರಿಸಿದರು.

ಮುಂದೆ ಸಿಕ್ಕಿದ್ದು ಹೆಂಡತಿಯ ತಮ್ಮ, ವಿಮೆಯ ಏಜೆಂಟು. ಅವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಹುಟ್ಟಿಲ್ಲ. ಅವನ ಬಿರುಕುಬಿಟ್ಟ ಫೋನಿನಲ್ಲೂ ಫಾರಂ ಅಚ್ಚುಕಟ್ಟಾಗಿ ಕೂತಿತು. ಕೊನೆಯ ಚೌಕಕ್ಕೆ ಬಂದು ಅವನೂ ತಡೆದು ನಿಂತ. ತುಂಬುವ ಹಾಗಿಲ್ಲ, ತುಂಬದೆ ಹೋಗುವ ಹಾಗಿಲ್ಲ. ಆದರೆ ಗೊತ್ತಾಗಲಿಲ್ಲ ಎಂದು ಹೇಳಿದರೆ ಅವನ ಕುಲಕ್ಕೇ ಕುಂದು. “ಆಯ್ತು ಭಾವ. ಫಸ್ಟ್ ಕ್ಲಾಸ್,” ಎಂದು ಫೋನು ಜೇಬಿಗೆ ಹಾಕಿದ.

ಫಾರಂ ಕಚೇರಿಯ ಯಂತ್ರವನ್ನು ಸೇರಿತು. ಅದರ ಪಾಸ್‌ವರ್ಡನ್ನು ಅಧಿಕಾರಿ ಬದಲಾಯಿಸಿ ತಾವೇ ಇಟ್ಟುಕೊಂಡು, “ಇನ್ನು ಇದು ಕಚೇರಿಯ ಸ್ವತ್ತು. ಒಂದು ಚುಕ್ಕೆ ಬದಲಾಯಿಸೋ ಹಾಗಿಲ್ಲ,” ಎಂದರು. ಚುಕ್ಕಿಗೆರೆಯವರು ಮಗಳನ್ನು ಗಂಡನ ಮನೆಗೆ ಕಳಿಸಿದವರ ಮುಖ ಮಾಡಿಕೊಂಡು ಮನೆಗೆ ಬಂದರು.

ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ಸುದ್ದಿಯೋ ಸುದ್ದಿ. ತೋಟಗಾರಿಕೆ ಕಚೇರಿಯ ಮುಂದೆ ಜನಜಾತ್ರೆಯಂತೆ, ಸಾಲು ಬೀದಿಯ ತಿರುವಿನವರೆಗೂ ಬಂದಿದೆಯಂತೆ, ಫಾರಂ ಅಂದರೆ ಅದೇ ಫಾರಂ ಎಂದು ಎಲ್ಲರ ಬಾಯಲ್ಲಂತೆ. ಚುಕ್ಕಿಗೆರೆಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವೆಬ್ ಫಾರಮ್ಮಿಗೆ ಸಾಲು ಏಕೆ ಎಂಬ ಪ್ರಶ್ನೆ ಅವರ ತಲೆಗೆ ಬರಲೇ ಇಲ್ಲ. ಹೊಗಳಿಕೆ ಕೇಳುವಾಗ ಯಾರ ತಲೆಗೂ ಪ್ರಶ್ನೆ ಬರುವುದಿಲ್ಲ. ಅರ್ಜಿಯ ಕೊನೆಯ ದಿನ, ಮಧ್ಯಾಹ್ನದ ಮೇಲೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೊಗಳಿಕೆಯನ್ನು ಖುದ್ದಾಗಿ ತೆಗೆದುಕೊಳ್ಳಲು ಹೊರಟರು.

ಸಾಲು ನಿಜವಾಗಿಯೂ ಇತ್ತು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಫೋನಿನಲ್ಲೂ ಅವರದೇ ಫಾರಂ, ಕೊನೆಯ ಚೌಕದ ಮುಂದೆ ನಿಂತುಬಿಟ್ಟಿತ್ತು. ಫೋನಿಲ್ಲದ ಒಬ್ಬರು ಮನೆಯ ಕಂಪ್ಯೂಟರನ್ನೇ ತೆರೆ, ಪೆಟ್ಟಿಗೆ, ಕೀಲಿಮಣೆ ಸಮೇತ ತಳ್ಳುಗಾಡಿಯಲ್ಲಿ ಹೇರಿಕೊಂಡು ತಂದಿದ್ದರು. “ಸ್ವಲ್ಪ ಪ್ಲಗ್ ಕೊಡ್ತೀರಾ, ಪ್ಲಗ್,” ಎಂದು ವೈರು ಹಿಡಿದುಕೊಂಡು ಸಾಲಿನವರನ್ನೆಲ್ಲ ಕೇಳುತ್ತಿದ್ದರು. ಮುಂದೆ ಹೊಸದಾಗಿ ಹಾಕಿದ ಕೌಂಟರು, ಅದರ ಮೇಲೆ ಹೊಸ ಬೋರ್ಡು: ‘ಆನ್‌ಲೈನ್ ಅರ್ಜಿದಾರರು ಇಲ್ಲಿ ಸಾಲಿನಲ್ಲಿ ನಿಲ್ಲಿ.’ ಒಳಗೆ ಗುಮಾಸ್ತ ಒಬ್ಬೊಬ್ಬರ ಫೋನನ್ನೂ ತೆಗೆದುಕೊಂಡು, ಕೊನೆಯ ಚೌಕದಲ್ಲಿ ‘ಪರಿಶೀಲಿಸಿದೆ’ ಎಂದು ಒತ್ತಿ, ಫೋನನ್ನು ಒರೆಸಿ ವಾಪಸು ಕೊಡುತ್ತಿದ್ದ. ಮೇಲಿನದನ್ನು ಅವನು ಓದುತ್ತಿರಲಿಲ್ಲ. ಓದಲು ಪುರಸೊತ್ತೆಲ್ಲಿ?

“ಇದ್ಯಾಕೆ ಇಲ್ಲಿಗೆ ಬಂದ್ರಿ?” ಚುಕ್ಕಿಗೆರೆಯವರು ಸಾಲಿನಲ್ಲಿದ್ದ ಒಬ್ಬ ದರ್ಜಿಯನ್ನು ಕೇಳಿದರು. ಸ್ವರ ಆಗಲೇ ಇಳಿದಿತ್ತು.

“ಕಚೇರಿ ಚೌಕ ನಾವು ತುಂಬೋಕಾಗುತ್ತಾ ಸ್ವಾಮಿ? ನಾಳೆ ಕೇಸು ಗೀಸು ಆದ್ರೆ?” ದರ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದ. “ತುಂಬದೇ ಇದ್ರೆ ಫಾರಂ ಬಿಡಲ್ಲ. ಯಾರೋ ಭಾರಿ ಬುದ್ಧಿವಂತ ಮಾಡಿರಬೇಕು. ಮನೇಲಿ ಕೂತೋರನ್ನ ಹೆಂಗೆ ಎಬ್ಬಿಸಿಕೊಂಡು ಬಂದ ನೋಡಿ.”

ಚುಕ್ಕಿಗೆರೆಯವರ ಮುಖ ಇಂಗು ತಿಂದ ಮಂಗನಂತಾಯಿತು. ಸಾಲಿನ ನಡುವೆ ನುಗ್ಗಿ, ಬೈಸಿಕೊಂಡು, ಅಧಿಕಾರಿಯ ಕೋಣೆಗೆ ಬಂದರು.

ಅಧಿಕಾರಿಯ ಗುರುತೇ ಸಿಗಲಿಲ್ಲ. ಮೊದಲು ಕಾಲು ಮುರಿದ ಕುರ್ಚಿಯಲ್ಲಿ ವಾಲಿಕೊಂಡು ಕೂರುತ್ತಿದ್ದ ಮನುಷ್ಯ ಈಗ ತಿರುಗುವ ಕುರ್ಚಿಯಲ್ಲಿ ತಿರುಗುತ್ತಿದ್ದರು. ಗೋಡೆಗೆ ಪತ್ರಿಕೆಯ ತುಣುಕು ಅಂಟಿಸಿತ್ತು. ಅದರಲ್ಲಿ ಅವರ ಚಿತ್ರ, ಕೆಳಗೆ ಅವರ ಮಾತು: ‘ಈ ಫಾರಂ ತಪ್ಪು ಮಾಡುವುದಿಲ್ಲ. ಇದು ತೆಗೆದುಕೊಂಡ ಅರ್ಜಿ ಸರಿಯಾದ ಅರ್ಜಿ.’

“ಬನ್ನಿ ಬನ್ನಿ ಚುಕ್ಕಿಗೆರೆಯವರೇ! ಪುರಸಭೆ ಅಧ್ಯಕ್ಷರೇ ಬಂದು ಬೆನ್ನು ತಟ್ಟಿ ಹೋದ್ರು. ಈ ಕಚೇರಿ ಎಲ್ಲಿದೆ ಅಂತ ಅವರಿಗೆ ಗೊತ್ತಾಗಿದ್ದೇ ಈಗ.”

“ಸಾರ್, ತಪ್ಪಾಗಿದೆ. ಆ ಕೊನೇ ಚೌಕ ಅಭ್ಯಾಸಬಲದಿಂದ ಬಂದ್ಬಿಟ್ಟಿದೆ. ಪಾಸ್‌ವರ್ಡ್ ಕೊಡಿ, ಈಗಲೇ ತೆಗೆದುಬಿಡ್ತೀನಿ.”

“ತೆಗೆಯೋದಾ?” ಕುರ್ಚಿ ತಿರುಗುವುದನ್ನು ನಿಲ್ಲಿಸಿತು. “ಅದೇ ಕಣ್ರೀ ಫಾರಮ್ಮಿನ ಪ್ರಾಣ! ಉಳಿದ ಚೌಕ ಎಲ್ಲಾ ತೆಗೀರಿ ಬೇಕಾದ್ರೆ, ಅದನ್ನ ಮುಟ್ಟಬೇಡಿ. ಆ ಚೌಕಕ್ಕೋಸ್ಕರ ಕೌಂಟರ್ ಆಯ್ತು, ಬೋರ್ಡ್ ಆಯ್ತು, ಇನ್ನೊಬ್ಬ ಗುಮಾಸ್ತನ್ನ ಕೊಡ್ತೀವಿ ಅಂದಿದಾರೆ.”

“ಸಾರ್, ನಮ್ಮಕ್ಕ ಮನೇಲೇ ಕೂತು, ತಾನೇ ತುಂಬಬೇಕು ಅಂತ ಆಸೆ ಇಟ್ಕೊಂಡಿದಾಳೆ. ಅವಳಿಗೆ ಕಣ್ಣು ಕಾಣಲ್ಲ. ನಾನು ಮಾತು ಕೊಟ್ಟಿದೀನಿ.”

ಅಧಿಕಾರಿಯ ಮುಖ ಕರಗಿತು. ಕೆಟ್ಟ ಮನುಷ್ಯನಲ್ಲ. “ಅಯ್ಯೋ, ಅದಕ್ಕೇನಂತೆ! ಇವತ್ತೇ ಕರ್ಕೊಂಡು ಬನ್ನಿ. ಸಾಲಲ್ಲಿ ನಿಲ್ಲೋದು ಬೇಡ. ಕುರ್ಚಿ ಹಾಕಿಸ್ತೀನಿ, ಫ್ಯಾನ್ ಹಾಕಿಸ್ತೀನಿ. ಎಲ್ಲಾ ನಮ್ಮ ಗುಮಾಸ್ತನೇ ತುಂಬಿಕೊಡ್ತಾನೆ. ಅವರು ಸುಮ್ನೆ ಕೂತಿದ್ರೆ ಸಾಕು.”

ಅಕ್ಕ ಬದುಕಿನಲ್ಲಿ ಬೇಡವೆಂದದ್ದು ಇದೊಂದನ್ನೇ. ಚುಕ್ಕಿಗೆರೆಯವರಿಗೆ ಅಳು ಬರುವಂತಾಯಿತು. ಐದು ಗಂಟೆಗೆ ಫಾರಂ ಮುಚ್ಚುತ್ತದೆ. ಕಚೇರಿಯಿಂದ ಓಡಿದರು. ಇಸ್ತ್ರಿಯ ಅಂಗಿ ಬೆವರಿಗೆ ಬೆನ್ನಿಗಂಟಿತು. ದಾರಿಯಲ್ಲಿ ಭಾವಮೈದುನ ಎದುರಾಗಿ, “ಭಾವ, ಆ ಕೊನೇ ಚೌಕದ ವಿಷಯ ನಂಗೆ ಅವತ್ತೇ ಗೊತ್ತಿತ್ತು,” ಎಂದ. ಕೊಲೆ ಮಾಡಲು ಹೊತ್ತಿರಲಿಲ್ಲ, ಮುಂದಕ್ಕೆ ಓಡಿದರು.

ಮನೆಗೆ ಬಂದರೆ, ಮುಂದಿನ ಕೋಣೆಯಿಂದ ಯಂತ್ರದ ದನಿ ಕೇಳುತ್ತಿತ್ತು. ಅಕ್ಕ ಆಗಲೇ ಕೂತಿದ್ದರು. ಬೆನ್ನು ನೆಟ್ಟಗೆ, ಎರಡೂ ಕೈ ಕೀಲಿಮಣೆಯ ಮೇಲೆ. ಬಾಗಿಲಲ್ಲಿ ಹೆಂಡತಿ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಚುಕ್ಕಿಗೆರೆಯವರು ಏದುಸಿರು ಬಿಡುತ್ತ ಅವರ ಪಕ್ಕ ನಿಂತರು.

‘ಏನು ಬೆಳೆಯುತ್ತೀರಿ?’ ಎಂದಿತು ಯಂತ್ರ. ಅಕ್ಕ ಬರೆದರು: ‘ಟೊಮ್ಯಾಟೊ, ಪುದೀನ. ಪುದೀನ ಎಲ್ಲಿದೆ ಎಂದು ಯಾರೂ ತೋರಿಸಬೇಕಾಗಿಲ್ಲ.’

‘ಏಕೆ ನೆಲ ಬೇಕು?’

ಅಕ್ಕನ ಕೈ ನಿಂತಿತು. ಆಮೇಲೆ ನಿಧಾನವಾಗಿ ಬರೆದರು. ‘ಇಡೀ ದಿನ ಬೇರೆಯವರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತೇನೆ. ಬೆಳಗ್ಗೆ ಸ್ವಲ್ಪ ಹೊತ್ತು, ಮಾತಾಡದೆ ಬೆಳೆಯುವ ವಸ್ತುವಿನ ಜೊತೆ ಇರಬೇಕೆಂದು ಆಸೆ.’

ಚುಕ್ಕಿಗೆರೆಯವರು ಗೋಡೆಗೆ ಒರಗಿದರು. ಅದೇ ಗೆರೆಯ ಮೇಲೆ ತಾವಾಗಿದ್ದರೆ ‘ಹೊತ್ತು ಕಳೆಯಲು’ ಎಂದು ಬರೆದುಬಿಡುತ್ತಿದ್ದರು. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಂಡು, ಅಕ್ಕನಿಗೆ ಹೀಗೊಂದು ಆಸೆ ಇದೆಯೆಂದು ಗೊತ್ತಾಗಲು ಅಕ್ಕನೇ ಫಾರಂ ತುಂಬಬೇಕಾಯಿತು.

ಅಕ್ಕ ಮುಂದೆ ಹೋಗಲು ಒತ್ತಿದರು. ‘ಫೋನ್ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆ ಇದೆ. ನಿಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದೇನೆ, ಸರಿಮಾಡಿ,’ ಎಂದಿತು ಯಂತ್ರ. ಅಕ್ಕ “ಅಲಾ!” ಎಂದು ನಕ್ಕು, ಅಂಕಿ ಸೇರಿಸಿದರು. ಈ ಗಾಬರಿಯಲ್ಲೂ ಚುಕ್ಕಿಗೆರೆಯವರು ಹೆಂಡತಿಯ ಕಡೆ ನೋಡಿ ಎದೆ ತಟ್ಟಿಕೊಂಡರು: ಆ ಕರೆದೊಯ್ಯುವ ಕೆಲಸ ನಂದು!

ಆಗ ಬಂತು ಅದು. ‘ಕಚೇರಿ ಉಪಯೋಗಕ್ಕೆ ಮಾತ್ರ. ಕಡ್ಡಾಯ. ಈ ಜಾಗ ಖಾಲಿ ಇದೆ, ದಯವಿಟ್ಟು ತುಂಬಿ.’

“ಅಕ್ಕ...” ಎಂದರು ಚುಕ್ಕಿಗೆರೆಯವರು.

“ಪಕ್ಕದಲ್ಲೂ ನಿಲ್ಲಲ್ಲ ಅಂತ ನೀನೇ ಅಂದಿದ್ದೆ.”

“ಅಲ್ಲ ಅಕ್ಕ, ಆ ಚೌಕ ನಾವು ಮುಟ್ಟೋ ಹಾಗಿಲ್ಲ, ಅದು ಕಚೇರಿಯವರೇ...”

“ಸುಮ್ನಿರೋ. ದಯವಿಟ್ಟು ಅಂತ ಎಷ್ಟು ಚೆನ್ನಾಗಿ ಕೇಳ್ತಿದೆ.”

ಅಕ್ಕ ಕೈಯಾಡಿಸಿದರು. ಹತ್ತು ಬೆರಳೂ ಸ್ವಲ್ಪವೂ ಅಳುಕಲಿಲ್ಲ. ಊರಿನ ಕಣ್ಣಿದ್ದವರೆಲ್ಲ ಆ ದಪ್ಪ ಚೌಕಟ್ಟನ್ನು ಹುಟ್ಟಿದಾಗಿನಿಂದ ನೋಡಿ ನೋಡಿ ಹೆದರಿದ್ದರು. ಅದನ್ನು ಎಳೆದ ಚುಕ್ಕಿಗೆರೆಯವರೇ ‘ಮಾದರಿ’ಯ ಹೊರತು ಒಂದಕ್ಷರ ಅಲ್ಲಿ ಬರೆಯುವ ಧೈರ್ಯ ಮಾಡಿರಲಿಲ್ಲ. ಅಕ್ಕ ಆ ಚೌಕಟ್ಟನ್ನು ನೋಡಿಯೇ ಇರಲಿಲ್ಲ. ಅವರ ಪಾಲಿಗೆ ಅದೂ ಒಂದು ಪ್ರಶ್ನೆ, ಅಷ್ಟೇ. ಬರೆದದ್ದನ್ನು ಯಂತ್ರ ಓದಿ ಹೇಳಿತು: ‘ನಾನೇ ಪರಿಶೀಲಿಸಿದ್ದೇನೆ. ಎಲ್ಲ ಸರಿಯಾಗಿದೆ.’

ಒತ್ತಿದರು. ‘ನಿಮ್ಮ ಅರ್ಜಿ ತಲುಪಿದೆ. ಧನ್ಯವಾದ.’

ಮರುದಿನ ಬೆಳಗ್ಗೆಯೇ ಚುಕ್ಕಿಗೆರೆಯವರಿಗೆ ಕಚೇರಿಯಿಂದ ಕರೆ ಬಂತು. ಹೋದರೆ ಗುಮಾಸ್ತ ಮೂಲೆಯಲ್ಲಿ ಬೆವರುತ್ತಿದ್ದ. ಫಲಿತಾಂಶ ಏನಾಯಿತೆಂದು ತಿಳಿಯಲು ಬಂದ ಜನ ಬಾಗಿಲಲ್ಲಿ ಕತ್ತು ಚಾಚಿದ್ದರು. ಅಧಿಕಾರಿ ಹಲ್ಲು ಕಡಿಯುತ್ತಿದ್ದರು.

“ಒಂದು ಅರ್ಜಿ ಕೌಂಟರಿಗೆ ಬರದೇ ಒಳಗೆ ಬಂದಿದೆ! ನಮ್ಮ ಚೌಕದಲ್ಲಿ ಯಾರೋ ಬರೆದಿದಾರೆ! ಹೆಸರು ನೋಡಿದ್ರೆ ನಿಮ್ಮಕ್ಕ!”

ಚುಕ್ಕಿಗೆರೆಯವರ ಉತ್ತರಕ್ಕೆ ಕಾಯದೆ, ಅರ್ಜಿಯಲ್ಲಿದ್ದ ಸಂಖ್ಯೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ದನಿ ಜೋರು ಮಾಡಿಟ್ಟರು.

“ನಮಸ್ಕಾರ, ಆಸ್ಪತ್ರೆ. ಯಾವ ವಿಭಾಗ ಬೇಕಿತ್ತು?” ಎಂದಿತು ಅಕ್ಕನ ದನಿ.

“ವಿಭಾಗ ಅಲ್ಲ, ನೀವೇ ಬೇಕಿತ್ತು. ತೋಟಗಾರಿಕೆ ಅಧಿಕಾರಿ ಮಾತಾಡ್ತಿರೋದು. ನಿಮ್ಮ ಅರ್ಜಿ ಪರಿಶೀಲಿಸಿದವರು ಯಾರು?”

“ನಾನೇ. ಬರೆದಿದೀನಲ್ಲ.”

“ಸರಿಯಾಗಿದೆ ಅಂತ ನೀವು ಹೇಗ್ರೀ ಹೇಳ್ತೀರಾ?”

“ನನ್ನ ಹೆಸರು, ನನ್ನ ಮನೆ, ನನ್ನ ವಯಸ್ಸು. ನಂಗಿಂತ ನಿಮಗೆ ಚೆನ್ನಾಗಿ ಗೊತ್ತಾ ಸಾರ್?”

ಬಾಗಿಲಲ್ಲಿ ಯಾರೋ ನಕ್ಕರು. ಅಧಿಕಾರಿ ಬಾಗಿಲ ಕಡೆ ದುರುಗುಟ್ಟಿ ನೋಡಿದರು. “ಅದು... ಪದ್ಧತಿ ಅಂತ ಒಂದಿದೆ.”

“ತಪ್ಪು ಏನಾದ್ರೂ ಇದ್ರೆ ಓದಿ ಹೇಳಿ, ತಿದ್ದಿಕೊಳ್ತೀನಿ. ಬೇಗ ಹೇಳಿ ಸಾರ್, ಇನ್ನೊಂದು ಲೈನು ಕಾಯ್ತಿದೆ.”

ಅಧಿಕಾರಿ ಓದಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ತಪ್ಪು ಸಿಗಲಿಲ್ಲ. ಹಟಕ್ಕೆ ಬಿದ್ದು, ಹೋಲಿಸಿ ನೋಡೋಣವೆಂದು ಗುಮಾಸ್ತ ‘ಪರಿಶೀಲಿಸಿದ’ ಒಂದು ಅರ್ಜಿಯನ್ನು ತೆರೆದರು. ಅದರಲ್ಲಿ ವಿಳಾಸದ ಕಡೆ ‘ಮೇಲಿನಂತೆ’ ಎಂದಿತ್ತು. ಮೇಲೆ ಇದ್ದದ್ದು ವಯಸ್ಸು. ಇನ್ನೊಂದರಲ್ಲಿ ಏನು ಬೆಳೆಯುತ್ತೀರಿ ಎಂಬುದಕ್ಕೆ ‘ಮೀಸೆ’ ಎಂದಿತ್ತು. ಅಧಿಕಾರಿ ಗುಮಾಸ್ತನನ್ನು ನೋಡಿದರು. ಗುಮಾಸ್ತ ಫ್ಯಾನನ್ನು ನೋಡಿದ.

“ಆದ್ರೂ ಕೌಂಟರಿಗೆ ಬರದ ಅರ್ಜಿ... ತಿರಸ್ಕಾರ ಮಾಡಬೇಕಾಗುತ್ತೆ,” ಎಂದರು ಅಧಿಕಾರಿ, ಆದರೆ ದನಿಯಲ್ಲಿ ಜೀವವಿರಲಿಲ್ಲ.

ಆಗ ಚುಕ್ಕಿಗೆರೆಯವರು, ಹುಟ್ಟಿದಾಗಿನಿಂದ ಯಾವ ಕಚೇರಿಯಲ್ಲೂ ಕೈಕಟ್ಟಿಕೊಂಡೇ ನಿಂತವರು, ಕೈ ಬಿಚ್ಚಿ ಗೋಡೆಯ ಪತ್ರಿಕೆಯ ತುಣುಕನ್ನು ತೋರಿಸಿದರು.

“ಸಾರ್, ಮಾಡಿ. ಆದ್ರೆ ಆಮೇಲೆ ಪತ್ರಿಕೆಯವರನ್ನ ಕರೆಸಿ, ಫಾರಂ ತಪ್ಪು ಮಾಡ್ತು ಅಂತಾನೂ ಹೇಳಬೇಕಾಗುತ್ತೆ. ಅಧ್ಯಕ್ಷರಿಗೂ.”

ತಿರುಗುವ ಕುರ್ಚಿ ಒಂದು ಸುತ್ತು ಪೂರ್ತಿ ತಿರುಗಿತು. ಮತ್ತೆ ಮುಖ ಈಚೆ ಬಂದಾಗ ಅಧಿಕಾರಿ ನಗುತ್ತಿದ್ದರು; ನಗದೆ ಬೇರೆ ದಾರಿ ಇರಲಿಲ್ಲ.

“ನಾನೆಲ್ಲಿ ತಪ್ಪು ಅಂದೆ? ಫಾರಂ ತಗೊಂಡಿದೆ ಅಂದ್ರೆ ಅರ್ಜಿ ಸರಿ. ಅಮ್ಮಾ, ಕೇಳಿಸ್ತಾ? ನೆಲ ನಿಮ್ಮದು. ನಲ್ಲಿ ಪಕ್ಕದ್ದೇ ಕೊಡಿಸ್ತೀನಿ.”

“ಸಂತೋಷ. ಲೈನ್ ಬಿಡ್ತೀನಿ,” ಎಂದು ಅಕ್ಕ ಫೋನಿಟ್ಟರು. ಬಾಗಿಲಲ್ಲಿದ್ದ ದರ್ಜಿ, “ಅಂದ್ರೆ ನಾವೇ ಬರೆದಿದ್ರೂ ನಡೀತಿತ್ತಾ?” ಎಂದು ಪಕ್ಕದವನನ್ನು ಕೇಳಿದ. ಆ ಪ್ರಶ್ನೆ ಊರೆಲ್ಲ ಸುತ್ತಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ.

ಆ ಸಂಜೆ ಅಕ್ಕ ಕೆಲಸದಿಂದ ಬಂದು, ಕಾಲು ಚಾಚಿ ಕೂತು ಕಾಫಿ ಕುಡಿದರು. ಚುಕ್ಕಿಗೆರೆಯವರು ಎದುರಿಗೆ ಕೂತರು. ಎಲ್ಲವನ್ನೂ ಒಪ್ಪಿಕೊಂಡುಬಿಡಬೇಕು, ಆ ಚೌಕ ಶುದ್ಧ ದಡ್ಡತನ ಎಂದು ಹೇಳಿಬಿಡಬೇಕು ಎಂದು ನಿಶ್ಚಯಿಸಿ ಬಂದಿದ್ದರು.

“ಅಕ್ಕ, ಆ ಫಾರಂ...”

“ತುಂಬಾ ಚೆನ್ನಾಗಿ ಮಾಡಿದೀಯ ಕಣೋ,” ಎಂದರು ಅಕ್ಕ. “ಇವತ್ತು ಆಸ್ಪತ್ರೆ ತುಂಬಾ ಹೇಳ್ಕೊಂಡು ಬಂದೆ, ನನ್ನ ತಮ್ಮ ಮಾಡಿದ್ದು ಅಂತ. ಒಂದು ಕಡೆ ಕೂಡ ತಡವರಿಸಲಿಲ್ಲ ನಾನು. ಅದರಲ್ಲೂ ಆ ಕೊನೇ ಚೌಕ! ನಮ್ಮ ವಿಷಯ ನಾವೇ ನೋಡಿ, ಸರಿಯಾಗಿದೆ ಅಂತ ನಾವೇ ಬರೆಯೋಕೆ ಒಂದು ಜಾಗ. ಇಷ್ಟು ವರ್ಷ ಯಾರಿಗಾದ್ರೂ ಹೊಳೆದಿತ್ತಾ? ನಿಂಗೆ ಹೊಳೀತು.”

ಚುಕ್ಕಿಗೆರೆಯವರ ಬಾಯಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. ಅಕ್ಕನ ಮುಖ ನೋಡಿದರು. ತಮಾಷೆಯೋ, ನಿಜವೋ, ಗೊತ್ತಾಗುವ ಹಾಗಿರಲಿಲ್ಲ. ಆದರೆ ಹೆಮ್ಮೆ ಮಾತ್ರ ಆ ಮುಖದ ತುಂಬ ಇತ್ತು. ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ಅದಕ್ಕೆ ಬಹಳ ಯೋಚನೆ ಮಾಡಿದ್ದೆ ಅಕ್ಕ,” ಎಂದರು.

ಒಳಗಿನಿಂದ ಹೆಂಡತಿ ಕೆಮ್ಮಿದರು.